ಡ್ರಿಲ್ ಮೇಷ್ಟ್ರ ಜಾಂಬಿ ಪಡೆ

ಡ್ರಿಲ್ ಮೇಷ್ಟ್ರ ಮಗಳು ಕಾಲೇಜಿನಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದಳು. ಊಟ ಮುಗಿಸಿ ಬಂದು ಬೆಂಚಿನ ಮೇಲೆ ತೂಕಡಿಸುವ ವಿದ್ಯಾರ್ಥಿಗಳನ್ನು ಎಬ್ಬಿಸಿ ಕೂರಿಸುವ ಪಾಠ ಅವಳ ಬಳಿ ಇದ್ದದ್ದು ಒಂದೇ, ಜಾಂಬಿಯ ಪಾಠ. ಸಿನಿಮಾದ ಜಾಂಬಿ ಎಲ್ಲರಿಗೂ ಗೊತ್ತು. ಸತ್ತ ಮೇಲೂ ಎದ್ದು ಬರುತ್ತದೆ, ಕಾಲೆಳೆಯುತ್ತದೆ, ಸಿಕ್ಕವರನ್ನು ಕಚ್ಚುತ್ತದೆ. ತತ್ವಶಾಸ್ತ್ರದ ಜಾಂಬಿ ಹಾಗಲ್ಲ, ಅದು ಥೇಟ್ ನಮ್ಮ ಹಾಗೆಯೇ. ನಗುತ್ತದೆ, ಹಲ್ಲು ನೋವೆಂದು ಮುಖ ಕಿವುಚುತ್ತದೆ, ಪಕ್ಕದ ಮನೆಯವರ ಕ್ಷೇಮ ವಿಚಾರಿಸುತ್ತದೆ. ಆದರೆ ಒಳಗೆ ನೋವೂ ಇಲ್ಲ, ನಗುವೂ ಇಲ್ಲ. ದೀಪ ಉರಿಯುತ್ತಿರುವ ಖಾಲಿ ಮನೆ. ನಿಮ್ಮ ಪಕ್ಕದಲ್ಲಿ ಕೂತವನು ಅಂಥವನಲ್ಲ ಅಂತ ಹೇಗೆ ಹೇಳುತ್ತೀರಿ ಎಂದು ಅವಳು ಕೇಳಿದರೆ, ಇಡೀ ತರಗತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೊಳ್ಳೆಂದು ನಗುತ್ತಿತ್ತು.

ಅವಳೂ ನಗುತ್ತಿದ್ದಳು, ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಬರುವವರೆಗೆ.

ಅಪ್ಪ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಅವರು ಹುಬ್ಬು ಏರಿಸಿದರೆ ಮೈದಾನ ತೆಪ್ಪಗಾಗುತ್ತಿತ್ತು, ಇಳಿಸಿದರೆ ಮಕ್ಕಳು ಕೇಕೆ ಹಾಕುತ್ತಿದ್ದರು. ಕಾಯಿಲೆ ಮೊದಲು ಅವರ ಕೈ ನಡುಗಿಸಿತು, ಆಮೇಲೆ ನಡಿಗೆ ಕೆಡಿಸಿತು, ಕೊನೆಗೆ ಮುಖಕ್ಕೆ ಬಂತು. ಮುಖದ ಸ್ನಾಯು ಬಿಗಿಯುತ್ತದೆ, ಒಳಗಿನ ಭಾವನೆ ಎಲ್ಲೂ ಹೋಗಿರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಆ ಮಾತು ಮಗಳ ತಲೆಗೆ ಹೋಗಿತ್ತು, ಎದೆಗೆ ಇಳಿದಿರಲಿಲ್ಲ. ಅಪ್ಪನನ್ನು ನಗಿಸಲು ಅವಳು ಕಾಲೇಜಿನ ತಮಾಷೆಗಳನ್ನೆಲ್ಲ ತಂದು ಹೇಳುತ್ತಿದ್ದಳು. ಅಪ್ಪ ಗೋಡೆಯ ಹಾಗೆ ಕೂತಿರುತ್ತಿದ್ದರು. ಏನಾದರೂ ಕೇಳಿದರೆ ಉತ್ತರ ಬರುವುದು ಎಷ್ಟೋ ಹೊತ್ತಿಗೆ. ಅಷ್ಟು ಹೊತ್ತು ಸುಮ್ಮನಿರಲಾಗದೆ ಅವಳೇ ಉತ್ತರ ಕೊಟ್ಟುಬಿಡುತ್ತಿದ್ದಳು. ಬರಬರುತ್ತಾ ಮನೆಗೆ ಬಂದವರು ಅಪ್ಪನ ಆರೋಗ್ಯವನ್ನೂ ಅವಳನ್ನೇ ಕೇಳತೊಡಗಿದರು.

ಅವಳ ಗಂಡ ಸಿನಿಮಾದಲ್ಲಿ ಮೇಕಪ್ ಮಾಡುವವನು. ಮಾವ ಅಳಿಯ ಇಬ್ಬರೂ ಗಳಸ್ಯ ಕಂಠಸ್ಯ. ಆಗ ಅವನು ಒಂದು ಜಾಂಬಿ ಚಿತ್ರಕ್ಕೆ ಕೆಲಸ ಮಾಡುತ್ತಿದ್ದ. ಮುಚ್ಚಿಹೋದ ಬಟ್ಟೆ ಗಿರಣಿಯೊಂದರಲ್ಲಿ ಶೂಟಿಂಗ್. ಒಂದು ಸಂಜೆ ಊಟಕ್ಕೆ ಕೂತಾಗ ಅವನು ಅಲ್ಲಿನ ಗೋಳು ಹೇಳಿಕೊಂಡ. ಜಾಂಬಿಗಳಾಗಿ ಬಂದವರೆಲ್ಲ ಜಿಮ್ಮಿನ ಹುಡುಗರು, ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ ಕೈ ಚಾಚಿಕೊಂಡು ನಡೆಯುತ್ತಾರೆ, ಡೈರೆಕ್ಟರಮ್ಮ ತಲೆ ಮೇಲೆ ಕೈ ಹೊತ್ತು ಕೂತಿದ್ದಾಳೆ ಎಂದ.

ಅಪ್ಪ ಚಮಚ ಕೆಳಗಿಟ್ಟರು. ಸ್ವಲ್ಪ ಹೊತ್ತಾದ ಮೇಲೆ, "ನಾನು ಬರ್ತೀನಿ" ಎಂದರು.

ಮಗಳು ಗಂಡನ ಮೇಲೆ ಹರಿಹಾಯ್ದಳು. ಕಾಯಿಲೆಯವರನ್ನು ಕರೆದುಕೊಂಡು ಹೋಗಿ ದೆವ್ವದ ವೇಷ ಕಟ್ಟಿಸಿ ನಾಲ್ಕು ಜನರ ಮುಂದೆ ನಿಲ್ಲಿಸುತ್ತೀರಾ ಎಂದಳು. ಅಪ್ಪನಿಗೆ ಅಲ್ಲಿ ಏನು ನಡೆಯುತ್ತದೆ ಅನ್ನುವುದೇ ಗೊತ್ತಿಲ್ಲ ಎಂದಳು. ಅದನ್ನೂ ಅಪ್ಪನ ಎದುರಿಗೇ ಹೇಳಿದಳು.

"ನನ್ನ ವಿಷಯ," ಎಂದರು ಅಪ್ಪ, ಒಂದೊಂದೇ ಪದ ಎತ್ತಿ ಇಟ್ಟ ಹಾಗೆ. "ನನ್ನ ಕೇಳು."

ಅವಳು ಕೇಳಿದಳು. ಮನೆಯಲ್ಲಿ ಕೂತು ಕೂತು ಬೇಜಾರಾಗಿದೆ, ಹೋಗಿ ಬರುತ್ತೇನೆ ಎಂದರು.

ಶನಿವಾರ ಅವಳೂ ಕಾವಲಿಗೆಂದು ಜೊತೆಗೆ ಹೊರಟಳು. ಗಿರಣಿಯ ಹಳೆಯ ಆಫೀಸು ಕೋಣೆಯಲ್ಲಿ ಕನ್ನಡಿ ಮುಂದೆ ಅಪ್ಪನನ್ನು ಕೂರಿಸಿ ಅವಳ ಗಂಡ ಬೂದು ಬಣ್ಣ ಹಚ್ಚತೊಡಗಿದ. ಕೆಲಸದ ಉದ್ದಕ್ಕೂ ಮಾತಾಡುತ್ತಲೇ ಇದ್ದ. ಬಣ್ಣ ತಣ್ಣಗಿದೆಯಾ ಮಾವ, ಕಣ್ಣು ಉರಿಯುತ್ತಾ, ಕೆನ್ನೆಯಲ್ಲಿ ಒಂದು ಗಾಯ ಮಾಡಲಾ ಎರಡು ಮಾಡಲಾ? ಕೇಳಿ, ಬ್ರಷ್ಷನ್ನು ಗಾಳಿಯಲ್ಲೇ ಹಿಡಿದು, ಉತ್ತರ ಬರುವವರೆಗೂ ನಿಂತಿರುತ್ತಿದ್ದ. ಎರಡು ಗಾಯ ಬೇಕು ಎಂದರು ಅಪ್ಪ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳಿಗೆ, ತಾನು ಒಂದು ಸಲವೂ ಹೀಗೆ ಕಾದಿಲ್ಲವಲ್ಲ ಅನ್ನಿಸಿತು.

ಡೈರೆಕ್ಟರಮ್ಮ ಟೋಪಿ ಹಾಕಿಕೊಂಡ ಎಳೆ ವಯಸ್ಸಿನವಳು. ಗಿರಣಿಯ ದೊಡ್ಡ ಬಾಗಿಲು ದಾಟಿ ಅಂಗಳಕ್ಕೆ ಬನ್ನಿ ಸರ್, ಅಷ್ಟು ಸಾಕು ಎಂದಳು. ಅಪ್ಪ ಹೊರಟರು. ಹೊಸಿಲ ಬಳಿ ಬಂದಾಗ, ಮನೆಯಲ್ಲಿ ಆಗುವಂತೆಯೇ, ಕಾಲು ನೆಲಕ್ಕೆ ಅಂಟಿಕೊಂಡಿತು. ಮೈ ಮುಂದಕ್ಕೆ ಬಾಗಿತು, ಪಾದ ಮಾತ್ರ ಅಲ್ಲೇ. ಮಗಳು ಹಿಡಿಯಲು ಓಡಿದಳು. ಅಪ್ಪ ಅಂಗೈ ಎತ್ತಿ ತಡೆದರು. ಕಾಲು ತಾನಾಗಿ ಬಿಟ್ಟುಕೊಂಡಿತು, ಅವರು ಪುಟ್ಟ ಪುಟ್ಟ ಹೆಜ್ಜೆಯಲ್ಲಿ ದಡಬಡ ಅಂಗಳಕ್ಕೆ ಬಂದು ನಿಂತರು.

ಡೈರೆಕ್ಟರಮ್ಮನಿಗೆ ಕಟ್ ಹೇಳುವುದೇ ಮರೆತುಹೋಗಿತ್ತು. ಇದನ್ನು ಹೇಗೆ ಮಾಡಿದಿರಿ ಸರ್ ಎಂದು ಕೇಳಿದಳು.

"ನಾನು ಮಾಡಿದ್ದಲ್ಲ," ಎಂದರು ಅಪ್ಪ. "ಕಾಲು ಮಾಡಿದ್ದು."

ಹುಡುಗರಿಗೂ ಸ್ವಲ್ಪ ಹೇಳಿಕೊಡುತ್ತೀರಾ ಎಂದು ಅವಳು ಬೇಡಿಕೊಂಡಳು. ಡ್ರಿಲ್ ಮೇಷ್ಟ್ರನ್ನು ಕೇಳಬೇಕೆ? ಕುರ್ಚಿ ತಂದರೆ ಬೇಡವೆಂದರು. ದನಿ ಸಣ್ಣಗಾಗಿದ್ದರಿಂದ ಅವಳ ಮೈಕನ್ನೇ ಇಸಕೊಂಡರು. ಹರಿದ ಅಂಗಿಯ, ಕಿತ್ತ ಕೆನ್ನೆಯ ಜಾಂಬಿಗಳೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಂತವು. ಕೈ ಕೆಳಗೆ, ಭುಜ ಸಡಿಲ. ಹೋಗಬೇಕು ಅಂತ ನೀವು ಅಂದುಕೊಳ್ಳಿ, ಕಾಲು ಒಪ್ಪಬಾರದು ಎಂದರು ಅಪ್ಪ. ಹಿಂದೆ ಯಾರೋ ಕಿಸಕ್ಕೆಂದರು. ಅಪ್ಪ ನಿಧಾನವಾಗಿ ಅತ್ತ ತಿರುಗಿ, ಸತ್ತವರು ನಗಬಾರದು ಎಂದರು. ಇಡೀ ಪಡೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪನ ಮುಖ ಮಾತ್ರ ಕದಲಲಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಉತ್ಸಾಹಿ ಕಣ್ಣುಗುಡ್ಡೆ ಮೇಲಕ್ಕೆ ಹೊರಳಿಸಿ ನಿಂತಿದ್ದ. ಅಪ್ಪ ಅವನ ಹತ್ತಿರ ಹೋಗಿ ನಿಂತರು.

"ಕಣ್ಣು ಖಾಲಿ ಮಾಡ್ಬೇಡಪ್ಪ. ಒಳಗೆ ನೀನು ಇದೀಯ. ಆಚೆ ಬರೋಕೆ ದಾರಿ ಸಿಗ್ತಿಲ್ಲ, ಅಷ್ಟೇ."

ಮೈಕು ಕೈಯಲ್ಲೇ ಇತ್ತು. ಮಾತು ಅಂಗಳಕ್ಕೆಲ್ಲ ಕೇಳಿಸಿತು. ಮಗಳು ಗೋಡೆಗೆ ಒರಗಿಕೊಂಡಳು.

ಊಟದ ಬಿಡುವಿನಲ್ಲಿ ಅವಳು ಹೋಗಿ ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತಳು. ಖುಷಿ ಆಯ್ತಾ ಅಪ್ಪಾ ಎಂದು ಕೇಳಿದಳು. ಉತ್ತರ ಬರಲಿಲ್ಲ. ಹೂಂ, ಆಗಿರುತ್ತೆ ಬಿಡು ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ಅಂಗಳದಲ್ಲಿ ಒಂದು ಜಾಂಬಿ ಇನ್ನೊಂದಕ್ಕೆ ಬಾಳೆಹಣ್ಣು ಸುಲಿದುಕೊಡುತ್ತಿತ್ತು. ಅದು ತಿಂದು ಮುಗಿಸಿತು. ಅವಳು ಕಾದಳು.

"ಬೆಳಗಿಂದ ನಗ್ತಾನೇ ಇದೀನಿ ಕಣೆ," ಎಂದರು ಅಪ್ಪ. "ಮುಖಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಹಾಗಾದರೆ ಇಷ್ಟು ದಿನ ನಾನು ಹೇಳುತ್ತಿದ್ದ ತಮಾಷೆಗೂ ನಗುತ್ತಿದ್ದೆಯಾ ಎಂದಳು. ಅಪ್ಪ ಬಹಳ ಹೊತ್ತು ಯೋಚಿಸಿದರು.

"ಎಲ್ಲದಕ್ಕೂ ಅಲ್ಲ."

ಮಧ್ಯಾಹ್ನ ಅಪ್ಪನ ಜೊತೆಗೆ ಬಾಗಿಲು ದಾಟಲು ಇನ್ನೊಂದು ಜಾಂಬಿ ಬೇಕಾಯಿತು. ಡೈರೆಕ್ಟರಮ್ಮ ಮಗಳನ್ನೇ ದಿಟ್ಟಿಸಿದಳು. ಬೇಡ ಬೇಡ ಎನ್ನುತ್ತಲೇ ಅವಳು ಗಂಡನ ಕನ್ನಡಿಯ ಮುಂದೆ ಕೂತಳು. ಅವನು ತುಟಿ ಕಚ್ಚಿಕೊಂಡು ನಗು ತಡೆಯುತ್ತಾ ಬಣ್ಣದಲ್ಲೇ ಅವಳ ಹಣೆ ಒಡೆದ. ಮೊದಲ ಸಲ ಅವಳು ತರಗತಿಗೆ ಹೊರಟವಳ ಹಾಗೆ ನೆಟ್ಟಗೆ ನಡೆದುಬಿಟ್ಟಳು. ಮೇಡಂ, ಯೋಚನೆ ಮಾಡಿಕೊಂಡು ನಡೆಯಬೇಡಿ ಎಂದು ಅಪ್ಪನಿಂದಲೇ ಬೈಸಿಕೊಂಡಳು.

ಎರಡನೆಯ ಸಲ ಇಬ್ಬರೂ ಒಟ್ಟಿಗೆ ಹೊಸಿಲಿಗೆ ಬಂದರು. ಅಪ್ಪನ ಕಾಲು ಅಂಟಿಕೊಂಡಿತು. ಅವಳು ಕೈ ಚಾಚಲಿಲ್ಲ, ಎಳೆಯಲಿಲ್ಲ. ತಾನೂ ನಿಂತಳು. ಹಿಂದೆ ಬರುತ್ತಿದ್ದ ಪಡೆಯೂ ನಿಂತಿತು. ಕ್ಯಾಮೆರಾ ಓಡುತ್ತಲೇ ಇತ್ತು. ಕಾಲು ಒಪ್ಪಿದ ಮೇಲೆ ಎಲ್ಲರೂ ಕೂಡಿ ಬಿಸಿಲಿಗೆ ಇಳಿದರು.

ಅಪ್ಪನ ಕಾಯಿಲೆ ವಾಸಿಯಾಗುವಂಥದ್ದಲ್ಲ, ಆಗಲೂ ಇಲ್ಲ. ಆದರೆ ಶೂಟಿಂಗ್ ಮುಗಿದ ಮೇಲೂ ಆ ಹುಡುಗರು ಭಾನುವಾರ ಮನೆಗೆ ಬರುವುದು ಬಿಡಲಿಲ್ಲ. ಬಂದವರು ಅಪ್ಪನ ಸುತ್ತ ನೆಲದ ಮೇಲೆ ಕೂರುತ್ತಾರೆ, ಏನೋ ಕೇಳುತ್ತಾರೆ, ಕೇಳಿ ಸುಮ್ಮನಾಗುತ್ತಾರೆ. ಒಳಗಿನಿಂದ ಟೀ ತರುವ ಮಗಳು ಒಮ್ಮೊಮ್ಮೆ ಲೋಟಗಳ ಸಮೇತ ಬಾಗಿಲಲ್ಲೇ ನಿಂತುಬಿಡುತ್ತಾಳೆ, ಅಪ್ಪ ಏನು ಹೇಳುತ್ತಾರೋ ಎಂದು.