ಬೆಳಗಿನ ಎರಡು ಮಿಠಾಯಿ

ಪ್ವೆಬ್ಲೋ ಊರಲ್ಲಿ ಜೀವಮಾನವೆಲ್ಲ ಶಾಲೆಯ ಬಸ್ಸು ಓಡಿಸಿದ ವರ್ಲಿನ್‌ಗೆ ಹೆದರದ ಮಕ್ಕಳಿರಲಿಲ್ಲ. ಹೆತ್ತ ಮಗನೂ ಅಷ್ಟೇ. ಗ್ಯಾರೇಜಿನಲ್ಲಿ ಗಾಂಜಾ ವಾಸನೆ ಬಂತೆಂದು ಕರ್ಟಿಸ್‌ನನ್ನು ಮೀಸೆ ಚಿಗುರುವ ವಯಸ್ಸಿನಲ್ಲೇ ಮನೆಯಿಂದ ಹೊರಹಾಕಿದ್ದಳು. ಆಮೇಲೆ ಅವನು ಬರುತ್ತಿದ್ದದ್ದು ಕ್ರಿಸ್‌ಮಸ್ಸಿಗೆ ಮಾತ್ರ, ಅದೂ ಉಂಡು ಹೊರಡುವ ನೆಂಟನ ಹಾಗೆ. ಈಗ ಅವಳ ಮಂಡಿ ಬದಲಿಸುವ ಆಪರೇಷನ್. ಜೊತೆಗೆ ಯಾರಾದರೂ ಇರಲೇಬೇಕೆಂದು ಆಸ್ಪತ್ರೆಯವರು ಹಟ ಹಿಡಿದದ್ದರಿಂದ ಡೆನ್ವರ್‌ನಿಂದ ರಜೆ ಹಾಕಿ ಬಂದಿದ್ದ.

ವರ್ಲಿನ್ ಆಸ್ಪತ್ರೆಯ ಗೌನು ತೊಟ್ಟು ಮಂಚದ ಮೇಲೆ ಕೂತಿದ್ದಾಗ, ಅರಿವಳಿಕೆ ಕೊಡುವ ಡಾಕ್ಟರ್ ನಕಾಟಾ ಬಂದರು.

"ರಾತ್ರಿಯಿಂದ ಏನೂ ತಿಂದಿಲ್ಲ ತಾನೆ?"

"ಕಾಫಿನೂ ಇಲ್ಲ ಡಾಕ್ಟ್ರೇ. ಅದಕ್ಕೇ ಎಲ್ಲರ ಮೇಲೂ ರೇಗ್ತಿದೀನಿ."

"ಕಾಫಿ ಕುಡಿದ ದಿನ ಸುಮ್ನಿರ್ತಿದ್ಯಾ ಅಮ್ಮ?" ಎಂದ ಕರ್ಟಿಸ್.

"ಗಾಂಜಾ ಏನಾದ್ರೂ? ಸೇದೋದು, ತಿನ್ನೋದು?" ಎಂದು ಕೇಳಿದರು ನಕಾಟಾ.

"ನಾನಾ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. ಮಂಡಿನೋವಿಗೆಂದು ಅವಳು, ಈಗ ಕಾನೂನಿನ ಒಪ್ಪಿಗೆಯಿಂದ ಅಂಗಡಿಯಲ್ಲೇ ಮಾರುವ ಗಾಂಜಾ ಮಿಠಾಯಿಯನ್ನು ದಿನಾ ಒಂದು ತಿನ್ನುತ್ತಿದ್ದಳು. ಇವತ್ತು ಬೆಳಿಗ್ಗೆ ಭಯಕ್ಕೆ ಎರಡು ತಿಂದಿದ್ದಳು. ಅದು ತಿಂಡಿಯಲ್ಲ, ಔಷಧಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಅದನ್ನು ಮಗನೆದುರು ಒಪ್ಪಿಕೊಳ್ಳುವುದಕ್ಕಿಂತ ಕುಂಟುವುದೇ ವಾಸಿ ಅನ್ನಿಸಿತು.

"ಬೈಯೋದಕ್ಕೆ ಕೇಳ್ತಿಲ್ಲ," ಎಂದರು ನಕಾಟಾ. "ದಿನಾ ತಗೊಳ್ಳೋರಿಗೆ ಅರಿವಳಿಕೆ ಜಾಸ್ತಿ ಬೇಕಾಗಬಹುದು, ಎದ್ದ ಮೇಲೆ ನೋವೂ ಜಾಸ್ತಿ ಇರಬಹುದು. ಆಪರೇಷನ್ ದಿನಾನೇ ತಗೊಂಡಿದ್ರೆ ಎದೆಬಡಿತ, ಬಿಪಿ ಏರುಪೇರಾಗಬಹುದು. ಮುಚ್ಚಿಟ್ರೆ ಅಪಾಯ ನಿಮಗೇ."

ಕರ್ಟಿಸ್ ತಾಯಿಯ ಮುಖ ನೋಡಿ ಮೆಲ್ಲಗೆ ಎದ್ದ. "ನಾನು ಹೊರಗಿರ್ತೀನಿ."

ಅವನು ಹೋದರೆ ಎಷ್ಟು ಸುಲಭ!

"ಕೂತ್ಕೋ," ಎಂದಳು, ಹಳೆಯ ಬಸ್ಸಿನ ದನಿಯಲ್ಲಿ. ಅವನು ಕೂತ. "ದಿನಾ ಒಂದು ಗಾಂಜಾ ಮಿಠಾಯಿ ತಿಂತೀನಿ ಡಾಕ್ಟ್ರೇ. ಬೆಳಿಗ್ಗೆ ಎರಡು ತಿಂದೆ." ಆಮೇಲೆ ಮಗನ ಕಡೆ ತಿರುಗಿದಳು. "ಯಾವುದಕ್ಕೆ ನಿನ್ನನ್ನ ಮನೆಯಿಂದ ಓಡಿಸಿದ್ನೋ, ಅದೇ ಕಣೋ."

ನಕಾಟಾ ತಲೆಯಾಡಿಸಿದರು. "ಹೇಳಿದ್ದು ಒಳ್ಳೇದಾಯ್ತು. ಇವತ್ತು ಬೇಡ, ಮುಂದಿನ ವಾರ ಮಾಡೋಣ." ಹೊಸ ದಿನ ಗೊತ್ತು ಮಾಡಲು ಹೊರಗೆ ಹೋದರು.

ವರ್ಲಿನ್‌ಗೆ ನಾಚಿಕೆಯಿಂದ ಅಳುವೇ ಬಂತು.

"ನಿನ್ನ ರಜೆ ಹಾಳಾಯ್ತು."

"ಇನ್ನೊಂದು ವಾರ ಹಾಕ್ತೀನಿ ಬಿಡು," ಎಂದ ಕರ್ಟಿಸ್. "ಮಲಗೋದೆಲ್ಲಿ? ಗ್ಯಾರೇಜಲ್ಲಾ?"

"ನಿನ್ನ ರೂಮಲ್ಲಿ," ಎಂದಳು ವರ್ಲಿನ್. "ಹಾಸಿಗೆ ತೆಗೆದೇ ಇಲ್ಲ."