ಉಪ್ಪಿಲ್ಲದ ಬೋಂಡದ ಹಂಚು

ನಾನು ಒಂದು ಪಡ್ಡಿನ ಹಂಚು. ಹುಟ್ಟಿದ್ದು ಹರಿಹರದ ಒಂದು ಚಿಕ್ಕ ಫೌಂಡ್ರಿಯಲ್ಲಿ. ಒಡೆದ ಪಂಪು, ಹಲ್ಲು ಮುರಿದ ಚಕ್ರ, ಯಾರದೋ ಮನೆಯ ಗೇಟಿನ ತುಂಡು, ಎಲ್ಲ ಕರಗಿ ಒಂದಾಗಿ ಮರಳಿನ ಅಚ್ಚಿಗೆ ಇಳಿದವಂತೆ. ಅಚ್ಚು ಒಡೆದಾಗ ನನ್ನ ಮೈಯಲ್ಲಿ ನಡುವೆ ಒಂದು, ಸುತ್ತ ಆರು ಗುಳಿಗಳಿದ್ದವು. ಕೆಲಸದವನೊಬ್ಬ ಇಕ್ಕಳದಲ್ಲಿ ಹಿಡಿದೆತ್ತಿ, ಮರಳು ಊದಿ, "ಇದು ಪಾಸು" ಎಂದು ಪಕ್ಕಕ್ಕೆ ಎಸೆದ. ನನ್ನ ಬಗ್ಗೆ ಲೋಕ ಆಡಿದ ಮೊದಲ ಮಾತು ಅದು. ಬಹಳ ದಿನ ಅದನ್ನೇ ನೆನೆದು ಹಿಗ್ಗುತ್ತಿದ್ದೆ.

ದಾವಣಗೆರೆಯ ಪಾತ್ರೆ ಅಂಗಡಿಯೊಂದರಲ್ಲಿ ಸ್ಟೀಲಿನ ಡಬ್ಬಿಗಳ ಹಿಂದೆ ಕೂತಿದ್ದೆ. ಹೊಳೆಯುವವರ ನಡುವೆ ಕಪ್ಪಗಿರುವವರನ್ನು ಯಾರು ನೋಡುತ್ತಾರೆ? ನೀಲವ್ವ ನೋಡಿದಳು. ಹೊಸದಾಗಿ ಮದುವೆಯಾಗಿ ಬಂದವಳು. ಗುಳಿಗಳಲ್ಲಿ ಒಂದೊಂದಾಗಿ ಹೆಬ್ಬೆರಳು ಆಡಿಸಿ, ಎಲ್ಲೂ ಗೀರಿಲ್ಲವೆಂದು ಖಾತ್ರಿ ಮಾಡಿಕೊಂಡು ಮನೆಗೆ ತಂದಳು. ಹೊಸ ಹಂಚು ಯಾವುದನ್ನೂ ಅಂಟಿಸಿಕೊಳ್ಳದೆ ಬಿಡುವುದಿಲ್ಲ. ಅವಳು ಅವಸರ ಮಾಡಲಿಲ್ಲ. ಗಂಜಿ ತುಂಬಿಸಿಟ್ಟಳು, ಎಣ್ಣೆ ಸವರಿ ಕಾಯಿಸಿದಳು, ಈರುಳ್ಳಿ ಹೋಳಿನಿಂದ ತಿಕ್ಕಿದಳು. ಒಂದು ಬೆಳಿಗ್ಗೆ ಮೊದಲ ಪಡ್ಡು ಕಡ್ಡಿ ತಾಗಿಸಿದ ಕೂಡಲೇ ತಾನಾಗಿ ಹೊರಳಿತು. ನೀಲವ್ವ ಒಬ್ಬಳೇ ನಕ್ಕಳು. ಆ ದಿನದಿಂದ ನಾನು ಪಳಗಿದ ಹಂಚು.

ಅವಳ ಗಂಡ ಕೊಟ್ರಪ್ಪನದು ಮಿರ್ಚಿ ಮಂಡಕ್ಕಿ ಗಾಡಿ. ಗಾಡಿಯ ಮೇಲೆ ಒಂದು ದೊಡ್ಡ ಬಾಂಡಲಿ ಇತ್ತು. ಸಂಜೆಯಾದರೆ ಅದರ ತುಂಬ ಎಣ್ಣೆ ಕುದಿಯುತ್ತಿತ್ತು, ಸುತ್ತ ಜನ ಮುತ್ತುತ್ತಿದ್ದರು. ರಾತ್ರಿ ಅದನ್ನು ತಂದು ನನ್ನ ಪಕ್ಕ ಬೋರಲು ಹಾಕುತ್ತಿದ್ದರು. ಊರೆಲ್ಲ ಸುತ್ತಿ ಬಂದ ಯಜಮಾನನಂತೆ ಅದು ಮಲಗುತ್ತಿತ್ತು. ನಾನು ಮನೆ ಬಿಟ್ಟು ಆಚೆ ಹೋಗದ ಹೆಂಗಸಿನಂತೆ ಗೋಡೆಗೆ ಒರಗಿರುತ್ತಿದ್ದೆ.

ಕೊಟ್ರಪ್ಪನ ಮಿರ್ಚಿಗೆ ಹೆಸರಿತ್ತು. ಅದಕ್ಕಿಂತ ಅವನ ಬಾಯಿಗೆ ಹೆಸರಿತ್ತು. "ಇವತ್ತು ಮೆಣಸಿನಕಾಯಿ ಸಪ್ಪೆ ಅದಾವು, ನಾಳೆ ಬರ್ರಿ" ಎಂದು ಬಂದ ಗಿರಾಕಿಯನ್ನು ತಾನೇ ವಾಪಸು ಕಳಿಸುವ ಮನುಷ್ಯ. ಕರಿದ ತಿಂಡಿಯ ವಿಷಯದಲ್ಲಿ ಅವನು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

ಅವರಿಗೆ ಒಬ್ಬಳೇ ಮಗಳು, ವನಜಾಕ್ಷಿ. ಅವಳು ಶಾಲೆಗೆ ಹೋಗುತ್ತಿದ್ದಾಗಲೇ ನೀಲವ್ವ ಕಾಮಾಲೆಯಾಗಿ ತೀರಿಕೊಂಡಳು. ನನ್ನನ್ನು ಅಟ್ಟಕ್ಕೆ ಹಾಕಿದರು. ಅಲ್ಲಿಂದ ನನಗೆ ಕಾಣುತ್ತಿದ್ದುದು ತಲೆಗಳು, ಕೈಗಳು ಅಷ್ಟೇ. ಅಪ್ಪನ ತಲೆ ಬೆಳ್ಳಗಾಯಿತು. ಮಗಳ ಎರಡು ಜಡೆ ಒಂದಾಯಿತು. ಹಿಟ್ಟು ಕಲಸುವ ಅಪ್ಪನ ಪಕ್ಕದಲ್ಲಿ ನಿಂತು ಆ ಹುಡುಗಿ ಅವನ ಕೈಯನ್ನೇ ನೋಡುತ್ತಿತ್ತು. ಉಪ್ಪು ಎಷ್ಟು, ಅಜವಾನ ಎಷ್ಟು, ಸೋಡಾ ಎಷ್ಟು, ಕೊಟ್ರಪ್ಪ ಬಾಯಲ್ಲಿ ಹೇಳಿದವನಲ್ಲ. ಬೆರಳೇ ಅವನ ಅಳತೆ.

ವನಜಿ ಬಿ.ಕಾಂ. ಮುಗಿಸಿದಳು. ಕೆಲಸಕ್ಕೆಂದು ಒಂದೆರಡು ಕಡೆ ಹೋಗಿ ಬಂದಳು. ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ಗಂಟಲಿನಿಂದ ಮೇಲೆ ಬರುವುದಿಲ್ಲ ಎಂದು ಅಪ್ಪನ ಹತ್ತಿರ ಹೇಳಿದ್ದು ಕೇಳಿಸಿತು. "ಬರದಿದ್ರೆ ಬ್ಯಾಡ ಬಿಡವ್ವ. ಮೆಣಸಿನಕಾಯಿ ಏನು ಮಾತಾಡಿ ಮಾರಾಟ ಆಗ್ತಾವೇನು?" ಎಂದು ಅವನು ನಗಿಸಿದ.

ಒಂದು ಸಂಜೆ ಗಾಡಿಯ ಹತ್ತಿರವೇ ಕೊಟ್ರಪ್ಪ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯಿಂದ ಬಂದಾಗ ಮನುಷ್ಯ ಅರ್ಧವಾಗಿದ್ದ. ಅವನ ಹೃದಯಕ್ಕೆ ರಕ್ತ ತಳ್ಳುವ ಶಕ್ತಿ ಕಡಿಮೆಯಾಗಿದೆ, ಎಣ್ಣೆಯ ಪದಾರ್ಥ ಬೇಡ, ಉಪ್ಪಂತೂ ಬೇಡವೇ ಬೇಡ, ಉಪ್ಪು ಸೇರಿದರೆ ಮೈಯಲ್ಲಿ ನೀರು ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು. ಗಾಡಿಗೆ ತಾಡಪಾಲು ಹೊದಿಸಿದರು. ಬಾಂಡಲಿಯನ್ನು ಯಾರೋ ಕೊಂಡುಹೋದರು.

ಕೊಟ್ರಪ್ಪ ಉಪ್ಪಿಲ್ಲದ ಅನ್ನವನ್ನು ಎರಡು ತುತ್ತು ತಿಂದು ತಟ್ಟೆ ತಳ್ಳುತ್ತಿದ್ದ. ಹಸಿವಿಲ್ಲ ಎನ್ನುತ್ತಿದ್ದ. ಮಾತ್ರೆಗಳಷ್ಟೇ ಹೊಟ್ಟೆಗೆ ಹೋಗುತ್ತಿದ್ದವು. ಹೀಗೇ ಆದರೆ ಕಾಯಿಲೆಗಿಂತ ಮೊದಲು ಉಪವಾಸವೇ ಇವನನ್ನು ಒಯ್ಯುತ್ತದೆ ಎಂಬುದು ವನಜಿಗೆ ತಿಳಿದುಹೋಯಿತು. ಅಪ್ಪ ತಿನ್ನುವಂಥದ್ದನ್ನು, ತಿಂದೂ ಬದುಕುವಂಥದ್ದನ್ನು ಮಾಡಬೇಕು. ಅವಳು ಸ್ಟೂಲು ಹಾಕಿ ಅಟ್ಟಕ್ಕೆ ಕೈಯಿಟ್ಟಳು. ನನ್ನ ಮೇಲೆ ತುಕ್ಕಿನ ತೆಳು ಪೊರೆ ಬಂದಿತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿದಳು. ತಾಯಿಯ ಹಾಗೆಯೇ ಹೆಬ್ಬೆರಳನ್ನು ಗುಳಿಗಳಲ್ಲಿ ಆಡಿಸಿದಳು. ಯಾರು ಹೇಳಿಕೊಟ್ಟರೋ.

ಹೆಸರುಬೇಳೆ ನೆನೆಸಿ, ನೀರು ಹೆಚ್ಚಾಗದಂತೆ ರುಬ್ಬಿದಳು. ಕ್ಯಾರೆಟ್ಟು, ಎಲೆಕೋಸು ತುರಿದು ಹಿಂಡಿದಳು. ಬೀನ್ಸು ಸಣ್ಣಗೆ ಹೆಚ್ಚಿದಳು. ಮೆಂತ್ಯ ಸೊಪ್ಪು, ಶುಂಠಿ, ಹಸಿಮೆಣಸಿನಕಾಯಿ. ಉಪ್ಪಿನ ಜಾಗಕ್ಕೆ ನಿಂಬೆಹಣ್ಣು. ಈರುಳ್ಳಿ ಹೋಳನ್ನು ಎಣ್ಣೆಗೆ ತಾಗಿಸಿ ನನ್ನ ಗುಳಿಗಳನ್ನು ಒರೆಸಿದಳು, ಅಷ್ಟೇ ಎಣ್ಣೆ. ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ, ಹೊರಳಿಸಿ, ಮತ್ತೆ ಮುಚ್ಚಿದಳು. ತಟ್ಟೆಯಲ್ಲಿಟ್ಟುಕೊಂಡು ಹೊರಗಿನ ಕೋಣೆಗೆ ಹೋದಳು. ಎರಡು ಕೋಣೆಗೂ ನಡುವೆ ಬಾಗಿಲಿಲ್ಲ; ಎಲ್ಲ ಕೇಳಿಸುತ್ತಿತ್ತು.

"ಏನವ್ವ ಇದು?"

"ತರಕಾರಿ ಬೋಂಡ, ಅಪ್ಪಾಜಿ. ಕರಿದಿದ್ದಲ್ಲ. ಅವ್ವನ ಹಂಚಿನಾಗೆ ಮಾಡಿದ್ದು."

ಕಚ್ಚಿದ ಸದ್ದು. ಆಮೇಲೆ ಬಹಳ ಹೊತ್ತು ಜಗಿದ ಸದ್ದು.

"ವನಜಿ, ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬ್ಯಾಡ."

"ಹೇಳಿ."

"ಇದನ್ನ ಬೀದಿ ನಾಯಿಗೆ ಹೊಡೆದ್ರೆ ನಾಯಿಗೆ ಪೆಟ್ಟು ಬೀಳ್ತತಿ."

ಪಕ್ಕದ ಮನೆಯ ಸಾವಂತ್ರಕ್ಕ ಅಲ್ಲೇ ಕೂತಿದ್ದಳು. "ನಿನ್ನ ಹಲ್ಲು ಗಟ್ಟಿ ಅದಾವೋ ಇಲ್ವೋ ನೋಡ್ತಾ ಅದಾಳೆ ಕಣಣ್ಣ" ಎಂದು ಜೋರಾಗಿ ನಕ್ಕಳು. ವನಜಿಯೂ ನಕ್ಕಳು. ಒಳಗೆ ಬಂದು ನನ್ನ ಮುಂದೆ ನಿಂತಾಗ ನಗು ಇರಲಿಲ್ಲ. ಒಂದು ಬೋಂಡ ಮುರಿದು ನೋಡಿದಳು. ಒಳಗೆ ಹಸಿರು ಬಣ್ಣದ ಒಂದು ಕಲ್ಲು.

ಮರುದಿನ ಹಿಟ್ಟು ಕಲಸುವಾಗ ಅವಳ ಕೈ ತಾನಾಗಿ ಸೋಡಾ ಡಬ್ಬಿಯ ಕಡೆ ಹೋಯಿತು. ಗಾಡಿಯ ಮನೆಯಲ್ಲಿ ಬೆಳೆದವರಿಗೆ ಅದೊಂದು ಯೋಚಿಸಬೇಕಾದ ಕೆಲಸವೇ ಅಲ್ಲ. ಡಾಕ್ಟರು ಬೇಡವೆಂದದ್ದು ಎಣ್ಣೆ, ಉಪ್ಪು. ಉಪ್ಪು ಎಂದರೆ ಉಪ್ಪು, ಸೋಡಾ ಎಂದರೆ ಸೋಡಾ. ಅಪ್ಪ ತೆಗೆಯುತ್ತಿದ್ದ ಹಾಗೆಯೇ ಹೆಬ್ಬೆರಳಿಗೆ ಮೂರು ಬೆರಳು ಕೂಡಿಸಿ ಒಂದು ಚಿಟಿಕೆ ತೆಗೆದಳು. ಆ ಚಿಟಿಕೆ ಒಂದು ಬಕೆಟ್ ಹಿಟ್ಟಿಗೆ ಪಳಗಿದ ಕೈಯದು. ಇಲ್ಲಿ ಇದ್ದದ್ದು ಒಂದು ಬಟ್ಟಲು. ಆದರೆ ಅವಳು ಕಲಿತದ್ದು ಕೈಯನ್ನು, ಲೆಕ್ಕವನ್ನಲ್ಲ. ನಿಂಬೆರಸ ಬಿದ್ದದ್ದೇ ಹಿಟ್ಟು ನೊರೆನೊರೆಯಾಗಿ ಎದ್ದಿತು.

ನನ್ನ ಗುಳಿಗಳಲ್ಲಿ ಆ ದಿನ ಬೋಂಡಗಳು ಉಬ್ಬಿದ್ದನ್ನು ನೋಡಬೇಕಿತ್ತು! ಮುಚ್ಚಳವನ್ನೇ ಎತ್ತುವಂತೆ ಬಂದವು. ಹೊರಗಿನ ಕೋಣೆಯಲ್ಲಿ ಬೇಗಬೇಗ ಜಗಿದ ಸದ್ದು. ಆಮೇಲೆ, "ಇನ್ನೆರಡು ತಾರವ್ವ."

ಅಲ್ಲಿಂದ ಮುಂದಿನ ದಿನಗಳು ನನ್ನ ಬಾಳಿನ ಒಳ್ಳೆಯ ದಿನಗಳು. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ. ದಿನವೂ ಸಂಜೆ ನನ್ನನ್ನು ಒಲೆಗೇರಿಸುತ್ತಿದ್ದರು. ಕೊಟ್ರಪ್ಪ ಕುರ್ಚಿಯನ್ನು ಅಡುಗೆಮನೆಯ ಹತ್ತಿರಕ್ಕೆ ಎಳೆಸಿಕೊಂಡು ಕೂತು ಉಸ್ತುವಾರಿ ಮಾಡುತ್ತಿದ್ದ. "ಉರಿ ಸಣ್ಣ ಮಾಡು... ಈಗ ಹೊರಳಿಸಬ್ಯಾಡ, ಅಂಚು ಬಿಡ್ಲಿ." ಒಂದು ದಿನ ಹಿಟ್ಟನ್ನು ನೋಡಿ, "ಇನ್ನೊಂಚೂರು ಸೋಡಾ ಬೀಳ್ಲಿ. ಆಗ ಜೀವ ಬರ್ತತಿ" ಎಂದ. ಅವಳು ಹಾಕಿದಳು. ಮಾತು ಬಾರದ ಹುಡುಗಿ ಒಲೆಯ ಮುಂದೆ ನಿಂತು ಸಾವಂತ್ರಕ್ಕನಿಗೆ ಬೋಂಡದ ಬಗ್ಗೆ ಗಂಟೆಗಟ್ಟಲೆ ಹೇಳುತ್ತಿದ್ದಳು. ಕೊಟ್ರಪ್ಪ ಅನ್ನ ಬಿಟ್ಟು ಅದನ್ನೇ ಊಟ ಮಾಡಿಕೊಂಡ. ಅಪ್ಪ ತಿನ್ನುತ್ತಿದ್ದಾನಲ್ಲ ಎಂದು ಅವಳು ಬೆಳಿಗ್ಗೆಯೂ ಮಾಡತೊಡಗಿದಳು.

ಮೊದಲು ಅವನ ಚಪ್ಪಲಿ ಹಿಡಿಯದಾಯಿತು. ಮನೆಯಲ್ಲೇ ಕೂತು ದಪ್ಪಗಾದೆ ಎಂದು ನಗೆಯಾಡಿದ. ಪಾದದ ಮೇಲೆ ಬೆರಳೊತ್ತಿದರೆ ನನ್ನ ಗುಳಿಯಂತೆ ತಗ್ಗು ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಕೂತೇ ನಿದ್ದೆ ಮಾಡಿದ. ಆಸ್ಪತ್ರೆಗೆ ಹೋಗಿ ಮಾತ್ರೆ ಹೆಚ್ಚು ಮಾಡಿಸಿಕೊಂಡು ಬಂದರು. ಉಪ್ಪು ಕೊಡುತ್ತಿದ್ದೀರಾ ಎಂದು ಅಲ್ಲಿ ಗದರಿಸಿ ಕೇಳಿದರಂತೆ. "ದೇವರಾಣೆ ಇಲ್ಲ ಅಂದೆ ಅಕ್ಕ" ಎಂದು ವನಜಿ ಸಾವಂತ್ರಕ್ಕನ ಮುಂದೆ ಅತ್ತಳು. "ಒಂದು ಹರಳೂ ಇಲ್ಲ. ನನ್ನ ಮಾತು ನಂಬ್ಲೇ ಇಲ್ಲ ಅವರು."

ಬಡಾವಣೆಯ ಆರೋಗ್ಯ ಕೇಂದ್ರದಿಂದ ಜಯಶೀಲ ಎಂಬ ಸಿಸ್ಟರ್ ಮನೆಗೆ ಬಂದು ಹೋಗುತ್ತಿದ್ದರು. ಅವರು ಒಂದು ಸಂಜೆ ಕೊಟ್ರಪ್ಪನ ಕಾಲು ಒತ್ತಿ ನೋಡಿ, ಸುಮ್ಮನೆ ಎದ್ದು ಅಡುಗೆಮನೆಗೆ ಬಂದರು. ನಾನು ಒಲೆಯ ಮೇಲಿದ್ದೆ. ಏಳು ಗುಳಿಯೂ ತುಂಬಿತ್ತು.

"ಏನಮ್ಮ ಇದು, ಚೆನ್ನಾಗಿ ಉಬ್ಬೈತಲ್ಲ?"

ವನಜಿಯ ಮುಖ ಅರಳಿತು. ಒಂದೊಂದೇ ಹೇಳಿದಳು: ಬೇಳೆ, ತರಕಾರಿ, ಸೊಪ್ಪು, ನಿಂಬೆಹಣ್ಣು. "ಉಪ್ಪು ಇಲ್ಲ ಸಿಸ್ಟರ್. ಬೇಕಾದ್ರೆ ತಿಂದು ನೋಡಿ."

"ಮತ್ತೆ ಇಷ್ಟು ಹಗುರ ಹೆಂಗೆ ಬಂತು?"

"ಸೋಡಾ."

"ಎಷ್ಟು ಹಾಕ್ತೀಯ?"

ವನಜಿ ನಾಲ್ಕು ಬೆರಳು ಕೂಡಿಸಿ ಡಬ್ಬಿಯಿಂದ ತೆಗೆದು ತೋರಿಸಿದಳು. ಸಿಸ್ಟರ್ ಅವಳ ಕೈಯನ್ನು ನೋಡಿದರು, ಬಟ್ಟಲನ್ನು ನೋಡಿದರು.

"ದಿನಾ?"

"ದಿನಾ. ಎರಡು ಹೊತ್ತು."

"ಅಯ್ಯೋ ನನ್ನವ್ವ" ಎಂದರು ಸಿಸ್ಟರ್, ಬಹಳ ಮೆತ್ತಗೆ. "ಉಪ್ಪಿನಾಗೆ ಯಾವುದು ಬ್ಯಾಡ ಅಂತೀವೋ, ಇದರಾಗೂ ಅದೇ ಇರೋದು. ಸೋಡಿಯಂ. ನಾಲಿಗೆಗೆ ಗೊತ್ತಾಗಲ್ಲ ಅಷ್ಟೇ. ನಿಮ್ಮಪ್ಪಂಗೆ ನೀರು ನಿಲ್ತಾ ಇರೋದು..." ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ವನಜಿಯ ಬೆರಳ ತುದಿಯಲ್ಲಿ ಆ ಬಿಳಿ ಪುಡಿ ಹಾಗೇ ಇತ್ತು. ಎಲ್ಲಿ ಹಾಕಬೇಕೆಂದು ತಿಳಿಯದೆ ಹಿಡಿದುಕೊಂಡೇ ನಿಂತಳು. ನನ್ನ ಗುಳಿಗಳಿಂದ ಹೊಗೆ ಏಳತೊಡಗಿತು. ಹೊರಗಿನಿಂದ ಕೊಟ್ರಪ್ಪ, "ಹೊರಳಿಸೇ, ಸೀದು ಹೋಗ್ತಾವೆ" ಎಂದು ಕೂಗಿದ. ಯಾರೂ ಹೊರಳಿಸಲಿಲ್ಲ.

ಸಿಸ್ಟರ್ ಹೋದ ಮೇಲೆ ಮನೆಯಲ್ಲಿ ದೀಪ ಹಾಕುವವರಿರಲಿಲ್ಲ. ಕತ್ತಲಲ್ಲಿ ಕೊಟ್ರಪ್ಪನ ದನಿ ಬಂತು.

"ವನಜಿ, ಆ ಚಿಟಿಕೆ ಯಾರದು?"

ಅವಳು ಕತ್ತಲಲ್ಲೇ ನನ್ನ ಗುಳಿಗಳಿಂದ ಸೀದ ಬೋಂಡಗಳನ್ನು ಕೆರೆಯುತ್ತಿದ್ದಳು. ಅವನೇ ಹೇಳಿದ:

"ನಂದು. ಇನ್ನಷ್ಟು ಹಾಕು ಅಂದೋನೂ ನಾನೇ. ತಿಂದೋನೂ ನಾನೇ. ಅಷ್ಟಕ್ಕೂ ನನ್ನ ಎಂಜಿನ್ನು ಮೊದಲೇ ಕೆಟ್ಟಿತ್ತು. ನಿಂದೇನೈತಿ ಇದ್ರಾಗೆ?"

ಗುಳಿಗಳಲ್ಲಿ ಕೆರೆಯಲು ಏನೂ ಉಳಿಯದಿದ್ದರೂ ಅವಳು ಕೆರೆಯುತ್ತಲೇ ಇದ್ದಳು.

ಮರುದಿನ ಅವನೇ ಬೋಂಡ ಮಾಡು ಎಂದ. ಸೋಡಾ ಇಲ್ಲದೆ ಮಾಡಿದಳು. ಮೊದಲ ದಿನದ ಹಾಗೆಯೇ ಕಲ್ಲಾಗಿ ಬಂದವು. ಹೊರಗಿನ ಕೋಣೆಯಲ್ಲಿ ಅವನು ಜಗಿದ, ಜಗಿದ, ಕುಡಿಯುವ ನೀರಿಗೂ ಡಾಕ್ಟರು ಅಳತೆ ಇಟ್ಟಿದ್ದರಿಂದ ಒಂದೇ ಗುಟುಕು ನೀರಿನಲ್ಲಿ ನುಂಗಿದ. "ಭಾಳ ಚಲೋ ಆಗ್ಯಾವೆ ಕಣವ್ವ. ಅದಕ್ಕಿಂತ ಇದೇ ರುಚಿ" ಎಂದ. ಬಾಳಿಡೀ ಎಣ್ಣೆಯ ಮುಂದೆ ನಿಂತು ನಿಜವನ್ನೇ ಹೇಳಿದ ಮನುಷ್ಯ ಆ ದಿನದಿಂದ ದಿನಕ್ಕೆರಡು ಸಲ ಸುಳ್ಳು ಹೇಳಿದ. ಅವಳು ಆ ಸುಳ್ಳಿಗಾಗಿ ದಿನಕ್ಕೆರಡು ಸಲ ಹಿಟ್ಟು ರುಬ್ಬಿದಳು. ಒಬ್ಬರ ಸುಳ್ಳು ಇನ್ನೊಬ್ಬರಿಗೆ ಗೊತ್ತಿತ್ತು. ಊದಿದ ಕಾಲು ಇಳಿಯಲಿಲ್ಲ. ನೀರು ಹೊಟ್ಟೆಗೆ ಏರಿತು, ಆಮೇಲೆ ಎದೆಗೆ. ಒಂದು ಬೆಳಿಗ್ಗೆ ಹಿಟ್ಟು ಬಟ್ಟಲಲ್ಲಿರುವಾಗಲೇ ಅವನನ್ನು ಆಟೋದಲ್ಲಿ ಕರೆದೊಯ್ದರು. ಹಿಟ್ಟು ಹುಳಿಯಾಗಿ, ಒಣಗಿ, ಬಟ್ಟಲಿಗೆ ಅಂಟಿತು. ಅವನು ಬರಲಿಲ್ಲ.

ಮಣ್ಣಿಗೆ ಬಂದವರೆಲ್ಲ ವನಜಿಯ ತಲೆ ಸವರಿ ಒಂದೇ ಮಾತು ಹೇಳಿದರು: "ಎಷ್ಟು ಚೆನ್ನಾಗಿ ನೋಡ್ಕೊಂಡೆವ್ವ ನಿಮ್ಮಪ್ಪನ್ನ. ಬಾಯಿಗೆ ಬೇಕಾದ್ದು ಮಾಡಿ ಹಾಕಿದೆ." ಪ್ರತಿಯೊಬ್ಬರೂ ಹೇಳಿದಾಗ ಅವಳು ಇನ್ನಷ್ಟು ಕುಗ್ಗಿದಳು.

ಅವಳು ನನ್ನನ್ನು ಮತ್ತೆ ಒಲೆಗೇರಿಸಲಿಲ್ಲ. ಕೆಲವು ತಿಂಗಳ ಮೇಲೆ ಸಾವಂತ್ರಕ್ಕ ಬಂದಳು. ಅವಳ ಗಂಡನಿಗೆ ಬಿ.ಪಿ. ಬಹಳ ಏರಿದೆಯಂತೆ, ಡಾಕ್ಟರು ಉಪ್ಪು ಬಿಡಿಸಿದ್ದಾರಂತೆ.

"ನಿಮ್ಮಪ್ಪಂಗೆ ಮಾಡ್ತಿದ್ಯಲ್ಲ, ಆ ಬೋಂಡ ನಮ್ಮನೇರಿಗೂ ಮಾಡ್ತೀನಿ. ಹಂಚು ಕೊಡು."

ವನಜಿ ನನ್ನನ್ನು ತಂದು ಕೊಟ್ಟಳು. ಆದರೆ ಕೈ ಬಿಡಲಿಲ್ಲ. ಇಬ್ಬರೂ ನನ್ನ ಒಂದೊಂದು ಹಿಡಿ ಹಿಡಿದು ನಿಂತಿದ್ದರು.

"ಅಕ್ಕ, ಸೋಡಾ ಹಾಕಬ್ಯಾಡಿ. ಅದೂ ಉಪ್ಪಿನ ಥರಾನೇ. ಅದರಿಂದಾನೇ ಅಪ್ಪಾಜಿ ಕಾಲು ಊದಿದ್ದು. ಅದರಿಂದಾನೇ... ನಾನೇ ಹಾಕಿದ್ದು ಅಕ್ಕ."

ಅವಳು ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳುತ್ತಲೇ ನನ್ನ ಹಿಡಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಸಾವಂತ್ರಕ್ಕನ ಕಣ್ಣು ತುಂಬಿತು. ಅವಳನ್ನು ಎದೆಗೆ ಒತ್ತಿಕೊಂಡಳು. "ಹುಚ್ಚವ್ವ, ಸೋಡಾದಿಂದ ಯಾರಾದ್ರೂ ಸಾಯ್ತಾರೇನೆ? ಅವನ ಆಯಸ್ಸು ಅಷ್ಟೇ ಇತ್ತು. ನೀನು ಸುಮ್ಮನೆ ಮನಸಿಗೆ ಹಚ್ಕೋಬ್ಯಾಡ." ಸಮಾಧಾನ ಮಾಡಬೇಕೆಂಬ ಆತುರದಲ್ಲಿ ಆ ಒಳ್ಳೆಯ ಹೆಂಗಸು, ಕೇಳಬೇಕಾದ ಒಂದೇ ಮಾತನ್ನು ಕೇಳಿಸಿಕೊಳ್ಳಲಿಲ್ಲ.

ಈಗ ನಾನು ಸಾವಂತ್ರಕ್ಕನ ಮನೆಯಲ್ಲಿದ್ದೇನೆ. ನನಗೆ ವಯಸ್ಸಾಗಿದೆ, ಒಂದು ಹಿಡಿ ಸಡಿಲವಾಗಿದೆ, ಅಂಚು ಸವೆದಿದೆ. ನನಗೆ ಏಳು ಬಾಯಿಗಳಿವೆ, ಒಂದರಲ್ಲೂ ಮಾತಿಲ್ಲ. ಹಾಕಿದ್ದನ್ನು ಬೇಯಿಸುತ್ತೇನೆ. ಪ್ರೀತಿಯಿಂದ ಹಾಕಿದ್ದಾರೆಯೇ, ತಿಳಿದು ಹಾಕಿದ್ದಾರೆಯೇ ಎಂದು ಬೇರೆ ಮಾಡುವ ಶಕ್ತಿ ನನಗಿಲ್ಲ. ಎರಡೂ ನನ್ನಲ್ಲಿ ಒಂದೇ ಬಣ್ಣಕ್ಕೆ ಬೇಯುತ್ತವೆ.

ಇವತ್ತು ಸಂಜೆ ಮೊದಲ ಸಲ ಆ ಬೋಂಡ ಮಾಡುತ್ತಿದ್ದಾರೆ. ಹೊರಗೆ ಗಂಡ ಪೇಪರು ಓದುತ್ತ ಕೂತಿದ್ದಾನೆ. ಗೋಡೆಯಾಚೆಯಿಂದ ವನಜಿಯ ದನಿ ಕೇಳಿಸಿತು. ಅಷ್ಟು ಜೋರಾಗಿ ಅವಳು ಕೂಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಅಕ್ಕಾ, ಸೋಡಾ ಹಾಕಿಲ್ಲ ತಾನೇ?"

"ಇಲ್ಲ ಕಣವ್ವ, ಇಲ್ಲ. ನೀನು ನಿಶ್ಚಿಂತೆಯಾಗಿರು" ಎಂದು ಸಾವಂತ್ರಕ್ಕ ಅಕ್ಕರೆಯಿಂದ ಕೂಗಿ ಹೇಳಿದಳು. ಹೇಳುತ್ತಲೇ ಸೋಡಾ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು.

ನನ್ನ ಗುಳಿಗಳಲ್ಲಿ ಬೋಂಡಗಳು ಚೆನ್ನಾಗಿ ಉಬ್ಬುತ್ತಿವೆ.