ಒಲೆ ಬಚ್ಚಿಟ್ಟವಳು

ಆಹಾ, ಮಾಗಿ ಕಳೆದ ಆ ಸಂಧ್ಯೆ! ಪಡುವಣ ಗುಡ್ಡಗಳ ಹಿಂದೆ ಇಳಿಯುತ್ತಿದ್ದ ದಿನಮಣಿ ಪುತ್ತೂರಿನ ಹೆಂಚು, ತಾರಸಿಗಳಿಗೆಲ್ಲ ಕುಂಕುಮವರ್ಣವನ್ನು ಬಳಿದಿದ್ದ, ಮಂದಾನಿಲ ಬೀಸುತ್ತಿತ್ತು, ದರ್ಬೆಯ ರಸ್ತೆಯಲ್ಲಿ ಮನೆಗೆ ಮರಳುವವರ ದಣಿದ ಮುಖಗಳೂ ಆ ಅರುಣಕಾಂತಿಯಲ್ಲಿ ಒಂದಿಷ್ಟು ಚೆಲುವಾಗಿ ಕಾಣುತ್ತಿದ್ದವು. ಇಂಥ ಹೊತ್ತಿನಲ್ಲಿ ಯಾರು ತಾನೆ ಕಿಟಕಿ ಮುಚ್ಚುತ್ತಾರೆ, ಸಹೃದಯರೇ? ಶಮೀರ್ ಮುಚ್ಚಿದ. ಆ ಕೆಂಪು ಅವನಿಗೆ ಆಗುತ್ತಿರಲಿಲ್ಲ.

ಅವನು ದರ್ಬೆಯ ಹೋಟೆಲೊಂದರ ಅಡುಗೆಯವನು. ಎಂತಹ ಅಡುಗೆಯವನು! ಅವನ ಬಿರಿಯಾನಿಯ ಪರಿಮಳಕ್ಕೆ ಬಸ್ಸು ತಪ್ಪಿಸಿಕೊಂಡವರುಂಟು. ಮಳೆಗಾಲದಲ್ಲಿ ಕುದಿಯುವ ಎಣ್ಣೆಯ ಬಾಣಲೆ ಮಗುಚಿ ಬಲಗೈ ಸುಟ್ಟಿತ್ತು. ಗಾಯ ಮಾಯಿತು, ಬೆರಳು ಮಡಚತೊಡಗಿತು, ಕೆಲಸಕ್ಕೆ ಹೋಗಬಹುದೆಂದು ವೈದ್ಯರೂ ಹೇಳಿದರು. ಆದರೆ ಮನಸ್ಸಿನ ಅಂತರ್ದಾಹಕ್ಕೆ ಮುಲಾಮು ಎಲ್ಲಿಯದು...! ಎರಡು ಸಲ ಹೋಟೆಲಿನ ಬಾಗಿಲವರೆಗೆ ಹೋಗಿ, ಒಲೆಯ ಸದ್ದಿಗೇ ಬೆವತು ಹಿಂತಿರುಗಿದ್ದ. "ನಾಳೆಯಾದರೂ ಬಾ ಮಾರಾಯ. ಇಲ್ಲದಿದ್ದರೆ ಬೇರೆಯವರನ್ನು ಹುಡುಕುದೇ," ಎಂದು ಮಾಲೀಕ ಮುನವ್ವರ್ ಬೆಳಗ್ಗೆ ಫೋನಿನಲ್ಲಿ ಹೇಳಿದ್ದರು.

ಹೆಂಡತಿ ನಶೀದಾಳ ಪ್ರೀತಿಯೋ, ಶರತ್ಕಾಲದ ಬೆಳದಿಂಗಳು! ಗಂಡನ ಕಣ್ಣಿಗೆ ಜ್ವಾಲೆ ಬೀಳಬಾರದೆಂದು ಗ್ಯಾಸಿನ ಒಲೆಯನ್ನೇ ಮಂಚದಡಿ ಬಚ್ಚಿಟ್ಟು, ಕರೆಂಟಿನ ಒಲೆ ತಂದಿದ್ದಳು. ಬೆಂಕಿಪೊಟ್ಟಣ ಬಟ್ಟೆಯ ಕಪಾಟು ಸೇರಿತ್ತು. ಆ ಸಂಜೆ ಚಹಾ ಕೊಡುತ್ತ ಅವನ ಕೈ ಸವರಿದಳು.

"ನೀವು ಹೋಗುದು ಬೇಡ. ನಾನು ಹೊಲಿದಾದರೂ ಸಾಕ್ತೇನೆ."

ಎಷ್ಟು ಮಧುರವಾದ ಮಾತು! ಆದರೆ ಶಮೀರನ ಮುಖ ಕಪ್ಪಿಟ್ಟಿತು.

"ನನ್ನಿಂದ ಆಗ್ತದೆ ಅಂತ ಒಬ್ಬರಾದರೂ ನಂಬಬೇಕಲ್ಲ, ನಶೀದಾ... ನೀನೇ ಒಲೆ ಅಡಗಿಸಿಟ್ಟರೆ ನಾನು ಎಂತ ಮಾಡುದು?"

ಅವಳು ಮಮತೆಯೆಂದು ತಿಳಿದದ್ದೇ ಅವನಿಗೆ ತೀರ್ಪಾಗಿತ್ತೆ? ಅಯ್ಯೋ! ಮಂಚದಡಿಯಿಂದ ಒಲೆಯನ್ನು ಎಳೆದು ತಂದಳು, ಕೊಳವೆ ಜೋಡಿಸಿದಳು, ಬೆಂಕಿಪೊಟ್ಟಣವನ್ನು ಅವನ ಮುಂದಿಟ್ಟಳು.

ಮೊದಲ ಕಡ್ಡಿ ಮುರಿಯಿತು. ಎರಡನೆಯದು ಕೈಯಿಂದ ಜಾರಿತು. ಅವನ ಹಣೆಯಲ್ಲಿ ಬೆವರು... ಕಸಿದುಕೊಂಡು ತಾನೇ ಹಚ್ಚಿಬಿಡಲು ಅವಳ ಜೀವ ಹಾತೊರೆಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು, ಅಳುತ್ತಲೇ ನಿಂತಳು.

ಅವನು ಗೀರಿದ ಮೂರನೆಯ ಕಡ್ಡಿಗೆ ಭುಸ್ಸೆಂದು ನೀಲಿಜ್ವಾಲೆ ಎದ್ದಿತು. ಶಮೀರ್ ಬೆಚ್ಚಿ ಗೋಡೆಗೆ ಆತುಕೊಂಡ. ಬಹಳ ಹೊತ್ತಿನ ಮೇಲೆ ಮುಂದೆ ಬಂದು ನೀರಿನ ಪಾತ್ರೆ ಇಟ್ಟ.

"ನಾಳೆ ಅಲ್ಲಿ ಕೈ ನಡುಗಿದರೆ?"

"ನಡುಗಲಿ," ಎಂದಳು ನಶೀದಾ. "ಬಾಗಿಲವರೆಗೆ ನಾನು ಬರ್ತೇನೆ. ಒಳಗೆ ನೀವೇ ಹೋಗುದು."

ನಾಳೆಯನ್ನು ಬಲ್ಲವರಾರು! ಒಲಿದ ಜೀವದ ಭಯವನ್ನು ಕಣ್ಣಾರೆ ಕಂಡೂ, ಕೈ ಚಾಚದೆ, ಅದರ ಪಕ್ಕದಲ್ಲೇ ನಿಂತಿರುವುದು... ಅನುರಾಗಕ್ಕೆ ಇದಕ್ಕಿಂತ ಕಠಿಣವಾದ ತಪಸ್ಸು ಇನ್ನೊಂದಿರಲಾರದು.